ಗಂಡನ ಹೆಸರಿನ ವೆಬ್‌ಮೇಲ್

ಬನಹಟ್ಟಿಯ ಕಾಂಚನಾ ಮಾಡಿದ ತಪ್ಪೇನೆಂದು ಅವಳ ಓಣಿಯಲ್ಲಿ ಕೇಳಿನೋಡಿ. ಗಂಡನ ಹೆಸರು ಹೇಳಿದಳು ಎನ್ನುತ್ತಾರೆ. ಅಷ್ಟೇ. ಇದನ್ನು ಕೇಳಿದಾಗಿನಿಂದ ನನಗೆ ಮೈ ಉರಿಯುತ್ತಿದೆ.

ಮಗ್ಗದ ಮನೆಗೆ ಸೊಸೆಯಾಗಿ ಬಂದ ಕಾಂಚನಾ ಕಂಪ್ಯೂಟರ್ ಕಲಿತವಳು. ಇವರ ಹೊಸ ಸೀರೆ ಡಿಸೈನು ಮೊಬೈಲಿನಿಂದ ಮೊಬೈಲಿಗೆ ಹಾರಿ, ಹಿಂದಿನ ಓಣಿಯ ಮಗ್ಗದಲ್ಲಿ ಮೊದಲೇ ನೇಯ್ದು ಬರುತ್ತಿತ್ತು. ಅದನ್ನು ತಡೆಯಲು ಅವಳು ನೂಲಿನ ಕೋಣೆಯ ಹಳೆಯ ಕಂಪ್ಯೂಟರನ್ನೇ ಮನೆಯ ಮೇಲ್ ಸರ್ವರ್ ಮಾಡಿದಳು. ಊರೂರಿನ ಸೀರೆ ಏಜೆಂಟರಿಗೆ ಅದರಲ್ಲಿ ಒಂದೊಂದು ಖಾತೆ, ಡಿಸೈನು ನೋಡುವುದು ಅಲ್ಲಿ ಮಾತ್ರ. ಅವರ ಫೋನ್ ಎತ್ತುವವಳೂ ಇವಳೇ. ಅಡುಗೆಮನೆಯಾಚೆ ಅವಳಿಗಿದ್ದ ಜಾಗ ಆ ಕುರ್ಚಿ ಒಂದೇ.

ವೆಬ್‌ಮೇಲ್ ವಿಳಾಸ ಮಾತ್ರ ಉದ್ದ, ಕೊನೆಗೊಂದು ಅಂಕಿಗಳ ಬಾಲ. ಆ ಬಾಲ ತೆಗೆದು, ಅಲ್ಲಿ 'ಸೀರಿ' ಎಂದಷ್ಟೇ ಇಡೋಣ ಎಂದಳು. ಮಾವ ಮಹಾಲಿಂಗಪ್ಪ ಒಪ್ಪಲಿಲ್ಲ.

"ಸೀರಿ-ಗೀರಿ ಬ್ಯಾಡ. ನಮ್ಮ ಪ್ರಭುಲಿಂಗನ ಹೆಸರಿಡು. ಮನಿ ನಡಸಾಂವ ಅಂವ."

"ಮಾವಾರ, ಆ ಹೆಸರ ನಾ ಫೋನಿನ್ಯಾಗ ಹೆಂಗ ಹೇಳ್ಲಿರಿ?"

"ನೀ ಯಾಕ ಹೇಳ್ತಿ? ಬರದ ಕಳಸು."

ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯಕ್ಕೆ ಕೇಡು ಎಂದು ಅತ್ತೆ ಶೇವಂತಿಯ ನಂಬಿಕೆ. ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ಪೋಣಿಸಿ ಕಾಂಚನಾ ಆ ಹೆಸರು ಹೇಳಿದ್ದೇ ಕೊನೆ. ಹಳೆಯ ವಿಳಾಸವೂ ಇರಲಿ ಎಂದರೆ ಮಾವ, "ಒಂದ ಮನಿಗಿ ಎರಡ ತಲಬಾಗ್ಲಾ ಯಾಕ?" ಎಂದರು.

ಕಾಂಚನಾ ಸರ್ವರಿನಲ್ಲಿ ವಿಳಾಸದ ಸಾಲು ತಿದ್ದಿ, ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಗಂಡನ ಹೆಸರಿನಲ್ಲಿ ಮೇಲ್ ತೆರೆಯಿತು. ಬೆರಳಿನಿಂದ ಬರೆಯಬಹುದಂತೆ, ಬಾಯಿಂದ ಆಡಬಾರದಂತೆ! ಈ ಕಾನೂನು ಮಾಡಿದವರ ಕೈಗೆ ಆ ಫೋನನ್ನು ಒಂದು ದಿನ ಕೊಡಬೇಕಿತ್ತು.

ಏಜೆಂಟರು ಬರೆದು ಕಳಿಸಿದ್ದನ್ನು ಓದುವವರೇ? ಫೋನ್ ಮಾಡುತ್ತಾರೆ. ಪಕ್ಕದಲ್ಲೇ ಅತ್ತೆ, ರಾಟಿಯಿಂದ ಕಂಡಿಕೆಗೆ ನೂಲು ಸುತ್ತುತ್ತ ಕಿವಿ ಇತ್ತ ಇಟ್ಟಿರುತ್ತಾಳೆ.

"ಅಕ್ಕಾರ, ಮೇಲ್ ತೆರೀವಲ್ದು. ಹೊಸಾ ಹೆಸರೇನು?"

"ನಮ್ಮನಿಯವ್ರ ಹೆಸರ ಹೊಡೀರಿ."

"ನಿಮ್ಮನಿಯವ್ರ ಹೆಸರ ನಾ ಎಲ್ಲಿಂದ ತರ್ಲಿ? ನಾ ಏನ ನಿಮ್ಮ ಲಗ್ನಕ್ಕ ಬಂದಿದ್ದೆನೇನ್ರಿ?"

ಆಗ ಅವಳು ಗಂಡನನ್ನು ಹುಡುಕಿ ಫೋನ್ ಕೊಡಬೇಕು. ಒಂದು ಪದಕ್ಕಾಗಿ.

ಮಹಾಲಿಂಗಪುರದಲ್ಲಿ ಇವರ ಸೀರೆ ಮಾರುವ ಅನಸವ್ವ ಫೋನ್ ಮಾಡಿದಾಗ ಗಂಡ ಒಳಗೆ ಊಟಕ್ಕೆ ಕೂತಿದ್ದ. ಅನಸವ್ವನ ಅಂಗಡಿಯಲ್ಲಿ ಮದುವೆ ಗಿರಾಕಿಗಳು. ಡಿಸೈನ್ ಈಗಲೇ ತೋರಿಸಬೇಕು, ಹೊಸ ವಿಳಾಸ ಗೊತ್ತಿಲ್ಲ.

"ಲಗೂ ಹೇಳಬೇ ಕಾಂಚನಾ! ಮಂದಿ ಎದ್ದ ಹೊಂಟಾರ. ನಿನ್ನ ಬಾಯಾಗ ಏನ ಕಡಬ ಐತೇನು?"

"ಪ್ರಭುಲಿಂಗ!" ಎಂದಳು ಕಾಂಚನಾ.

ಎಂಜಲು ಕೈಯಲ್ಲೇ ಗಂಡ ಹೊರಬಂದ. "ಯಾರ ಕರದ್ರು?"

ರಾಟಿ ನಿಂತಿತ್ತು. "ನಿನ್ನ ಹೇಣ್ತಿ," ಎಂದಳು ಶೇವಂತಿ. "ಹೆಸರ ಹಿಡದ ಕರದ್ಲು. ನಾ ಇನ್ನೂ ಜೀವಂತ ಅದೀನಿ, ಕೇಳಿದ್ನಿ."

ಫೋನಿನಲ್ಲಿ ಅನಸವ್ವ "ತೆರೀತ ನೋಡಬೇ, ತೆರೀತು" ಎನ್ನುತ್ತಿದ್ದಳು. ಯಾರೂ ಕಿವಿಗೊಡಲಿಲ್ಲ.

ಈಗ ಫೋನ್ ಪ್ರಭುಲಿಂಗನದು, ಕುರ್ಚಿಯೂ ಅವನದು. ಏಜೆಂಟರು ಏನಾದರೂ ಕೇಳಿದರೆ ಅಡುಗೆಮನೆಯತ್ತ ಕೂಗುತ್ತಾನೆ. ಕಾಂಚನಾ ಬಂದು, ಅವನ ಹೆಗಲ ಮೇಲಿಂದ ಬಾಗಿ, ನಿಂತೇ ಟೈಪ್ ಮಾಡಿ ಹೋಗುತ್ತಾಳೆ. ಸರ್ವರ್ ನಡೆಸುವವಳು ಇಂದಿಗೂ ಅವಳೇ. ಕೂಡ್ರುವ ಹಕ್ಕಷ್ಟೇ ಹೋಯಿತು. ಮನೆಯ ಮರ್ಯಾದೆ ಉಳಿಯಿತಂತೆ.

ವಿಳಾಸವನ್ನು ಮತ್ತೆ ಬದಲಿಸಬಾರದೇ ಎಂದು ಅವಳ ಅಡುಗೆಮನೆಯಲ್ಲಿ ಕೂತು ಕೇಳಿದೆ.

"ಬದಲಸಾಕ ಏನ್ರಿ, ಒಂದ ಸಾಲು. ಬದಲಿಸಿದ್ರ ಅವರು ಕುರ್ಚಿ ಬಿಟ್ಟ ಏಳ್ತಾರೇನ್ರಿ?"

ಅಷ್ಟರಲ್ಲಿ "ಏ, ಬಾ ಇಲ್ಲೆ" ಎಂದು ನೂಲಿನ ಕೋಣೆಯಿಂದ ಕೂಗು ಬಂತು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವಳು ಒಳಗೆ ಹೋದಳು.