ಓನರ್ ಆಂಟಿ ಹಾಕಿದ ಸಹಿ

ನಮ್ಮ ಮನೆಯಲ್ಲಿ ಸಹಿ ಹಾಕಲು ಕಲಿತವರಲ್ಲಿ ನಾನೇ ಮೊದಲಿಗಳು. ಅಪ್ಪ ಅಗರಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು, ಹೆಬ್ಬೆಟ್ಟು. ಅಮ್ಮ ಮನೆಯಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು, ಅವಳದ್ದೂ ಹೆಬ್ಬೆಟ್ಟು. ಏಳನೇ ಕ್ಲಾಸಿನಿಂದ ವಠಾರದ ಎಲ್ಲರ ಅರ್ಜಿ ತುಂಬುವ ಕೆಲಸ ನನ್ನದಾಗಿತ್ತು. ರೇಷನ್ ಕಾರ್ಡು, ಗ್ಯಾಸು, ವಿಧವಾ ವೇತನ, ಏನೇ ಇರಲಿ, ನಾನು ತುಂಬಿದ ಅರ್ಜಿ ವಾಪಸ್ ಬಂದದ್ದಿಲ್ಲ. ಒಂದು ಕಾಲಂ ಖಾಲಿ ಬಿಟ್ಟರೂ ಕೌಂಟರಿನವನಿಗೆ ಬೈಯಲು ನೆಪ ಸಿಗುತ್ತದೆ ಎಂದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಡಿಗ್ರಿ ಮುಗಿಸಿ, ಎಂ.ಎಸ್.ಡಬ್ಲ್ಯೂ. ಕೂಡ ಮಾಡಿಕೊಂಡೆ. ಘಟಿಕೋತ್ಸವದ ಫೋಟೊವನ್ನು ಅಪ್ಪ ಟಿವಿಯ ಮೇಲಿಟ್ಟು, ಬಂದವರಿಗೆಲ್ಲ ಟಿವಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು.

ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ನಾನು ಮಾಡಿದ ತಪ್ಪು ಇಲ್ಲಿಂದಲೇ ಹುಟ್ಟಿತು, ಅದಕ್ಕೆ ಹೇಳುತ್ತಿದ್ದೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ವಿಜಯನಗರಕ್ಕೆ ಮೆಟ್ರೊ ಇನ್ನೂ ಬಂದಿರಲಿಲ್ಲ. ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಸಮೀಕ್ಷೆಯ ಕೆಲಸ ಸಿಕ್ಕಿತು. ನಗರದ ಪಶ್ಚಿಮದ ಬಡಾವಣೆಗಳಲ್ಲಿ ಅಂಗವಿಕಲ ಮಕ್ಕಳು ಎಷ್ಟಿದ್ದಾರೆ, ಅವರಿಗೆ ಏನು ಬೇಕು, ಏನು ಸಿಗುತ್ತಿದೆ, ಅವರ ಹಕ್ಕುಗಳ ಬಗ್ಗೆ ಮನೆಯವರಿಗೆ ಎಷ್ಟು ಗೊತ್ತು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು. ಪ್ರತಿ ಮಗುವಿಗೆ ಹನ್ನೆರಡು ಪುಟದ ಫಾರಂ. ಕೊನೆಯ ಪುಟದ ತಳದಲ್ಲಿ ‘ನೆರೆಯವರ ಸಾಕ್ಷಿ ಸಹಿ’ ಎಂಬ ಕಾಲಂ. ಹಿಂದೊಮ್ಮೆ ಯಾರೋ ಬೇಕರಿಯಲ್ಲಿ ಕೂತು ಇಲ್ಲದ ಮಕ್ಕಳ ಫಾರಂ ತುಂಬಿಕೊಟ್ಟಿದ್ದರಂತೆ. ಹಾಗಾಗಿ, ಈ ಮನೆಯಲ್ಲಿ ಇಂಥ ಮಗು ಇರುವುದು ನಿಜ ಎಂದು ಅಕ್ಕಪಕ್ಕದವರೊಬ್ಬರು ಸಹಿ ಹಾಕಬೇಕಿತ್ತು.

ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಆ ಸಹಿಗಳನ್ನೆಲ್ಲ ಟೀ ಅಂಗಡಿಯಲ್ಲೇ ಮುಗಿಸುತ್ತಿದ್ದ. "ಕೊಡಿ ಮೇಡಂ ಇಲ್ಲಿ, ಎಡಗೈಲಿ ಒಂದು, ಬಲಗೈಲಿ ಒಂದು. ಒಬ್ಬೊಬ್ಬರ ಬಾಗಿಲು ತಟ್ತಾ ಇದ್ರೆ ನಿಮಗೆ ಮೊಮ್ಮಕ್ಕಳಾಗೋ ಹೊತ್ತಿಗೆ ಸರ್ವೆ ಮುಗಿಯತ್ತೆ," ಎಂದು ರೇಗಿಸುತ್ತಿದ್ದ.

"ನಮ್ಮಪ್ಪ ನನ್ನನ್ನ ಓದಿಸಿದ್ದು ಕಳ್ಳ ಸಹಿ ಹಾಕೋಕಲ್ಲ ಗುರು," ಎಂದಿದ್ದೆ. ಸುತ್ತ ನಿಂತವರಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಆ ಮನೆ ಇತ್ತು. ಮೇಲೆ ಓನರ್, ಕೆಳಗೆ ಹಿಂಭಾಗದಲ್ಲಿ ಒಂದು ರೂಮು, ಒಂದು ಅಡುಗೆಮನೆಯ ಪೋರ್ಷನ್. ಬಾಗಲಕೋಟೆ ಕಡೆಯಿಂದ ಬಂದ ಗಂಡ ಹೆಂಡತಿ, ಎಂಟು ವರ್ಷದ ಒಬ್ಬಳೇ ಮಗಳು. ಗಂಡ ಲೇತ್ ಮೆಷಿನ್ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಮನೆಯಲ್ಲಿ ಸೀರೆಗೆ ಫಾಲ್ ಹಾಕುತ್ತಿದ್ದಳು. ಹುಡುಗಿಗೆ ಹುಟ್ಟಿದಾಗಲೇ ಮೆದುಳಿಗೆ ಪೆಟ್ಟಾಗಿ ನಡೆಯಲು ಬರುತ್ತಿರಲಿಲ್ಲ, ಕತ್ತು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮಾತು ನಾಲ್ಕೈದು. ನಗು ಮಾತ್ರ ಧಾರಾಳ. ನನ್ನ ಪೆನ್ನಿನ ಕ್ಯಾಪು ಟಕ್ ಎಂದರೆ ಸಾಕು, ಮೈಯೆಲ್ಲ ಕುಣಿಸಿ ನಗುತ್ತಿದ್ದಳು.

ಎರಡು ರಸ್ತೆ ಆಚೆ ಇಂಥ ಮಕ್ಕಳ ಕೇಂದ್ರವೊಂದಿತ್ತು. ಒಂದು ವರ್ಷ ಕಾದ ಮೇಲೆ ಅಲ್ಲಿ ಹುಡುಗಿಗೆ ಜಾಗ ಸಿಕ್ಕಿತ್ತು. ತಾಯಿ ದಿನಾ ಸೊಂಟದ ಮೇಲೆ ಹೊತ್ತುಕೊಂಡು ನಡೆದೇ ಹೋಗಿಬರುತ್ತಿದ್ದಳು. ಅಲ್ಲಿ ಕೂಡಿಸಿ, ಬಗ್ಗಿಸಿ, ಕೈಗೆ ಚಮಚ ಹಿಡಿಸುವುದನ್ನು ಕಲಿಸುತ್ತಿದ್ದರು. "ನಾಕ ಸಲ ಬಾಯಿತನಕಾ ತಾನ ಒಯ್ದಾಳ್ರಿ," ಎಂದು ತಾಯಿ ನಾಲ್ಕು ಬೆರಳು ತೋರಿಸಿದಳು. ಅವರು ಆ ಮನೆ ಹಿಡಿದದ್ದೇ ಕೇಂದ್ರ ಹತ್ತಿರವೆಂದು.

ಫಾರಂ ತುಂಬುವಾಗ ಹುಡುಗಿಯ ಬಲಗಾಲಿಗೆ ಬ್ಯಾಂಡೇಜು ಸುತ್ತಿರುವುದು ಕಂಡಿತು. ಏನಾಯ್ತು ಎಂದೆ. ತಾಯಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಏನೂ ಆಗಿಲ್ರಿ ಅಕ್ಕಾರ. ಇದು ಮಾಲಕರ ಸಲುವಾಗಿ. ಐದು ಮನಿ ನೋಡಿದ್ವಿ. ಹುಡುಗಿನ್ನ ನೋಡಿದ ಕೂಡ್ಲೆ, ಮನಿ ಬ್ಯಾರೇದವರಿಗೆ ಕೊಟ್ಟಾತು ಅಂತಿದ್ರು. ಎರಡ ತಿಂಗಳ ಹಿಂದ ಇಲ್ಲಿ ಬಂದಾಗ ಕಾಲ ಮುರದೈತಿ, ವಾಸಿ ಆಕ್ಕೈತಿ ಅಂತ ಹೇಳಿಬಿಟ್ವಿ. ಮುಂಜಾನೆ ಬಾಗಲಾ ತೆಗಿಯೂಕಿಂತ ಮೊದಲ ಸುತ್ತಿಬಿಡ್ತೀನಿ. ಹೊರಗ ಒಯ್ಯೂ ಮುಂದ ತೆಲಿ ಹೆಗಲಿಗೆ ಆನಿಸಿ ಶಾಲು ಹೊಚ್ಚತೀನಿ, ದವಾಖಾನಿಗೆ ಅಂತ ಹೇಳ್ತೀನಿ. ಮಾಲಕರು ಛಲೋ ಅದಾರ, ಪಾಪ. ಯಾವಾಗ ಬಿಚ್ಚತಾರ ಅಂತ ಕೇಳ್ತಿರ್ತಾರ." ಆಮೇಲೆ ದನಿ ತಗ್ಗಿಸಿ, "ಅವರಿಗೆ ಮಾತ್ರ ಹೇಳಬ್ಯಾಡ್ರಿ," ಎಂದಳು.

"ಯಾರಿಗೂ ಹೇಳಲ್ಲಮ್ಮ. ನೀವು ಹೇಳಿದ್ದೆಲ್ಲ ಗುಟ್ಟಾಗೇ ಇರತ್ತೆ," ಎಂದೆ. ಫಾರಂನ ಮೊದಲ ಪುಟದಲ್ಲೂ ಅದೇ ಅಚ್ಚಾಗಿತ್ತು. ಬೆರಳಿಟ್ಟು ಓದಿ ತೋರಿಸಿದೆ. ಅವಳು ಸಹಿ ಹಾಕಿದಳು.

ಹೊರಗೆ ಬಂದೆ. ಉಳಿದದ್ದು ಸಾಕ್ಷಿ ಸಹಿ ಒಂದೇ. ಪಕ್ಕದ ಮನೆಗೆ ಬೀಗ. ಎದುರು ಮನೆಯ ಅಜ್ಜ, "ಕನ್ನಡಕ ಇಲ್ಲ, ಮಗ ಬಂದ ಮೇಲೆ ಬಾಮ್ಮ," ಎಂದರು. ಆ ಕಾಲಂ ಹಾಗೇ ಬಿಟ್ಟು ಹೋಗಬಹುದಿತ್ತು. ಇನ್ನೊಂದು ದಿನ ಬಂದು ಅಜ್ಜನ ಮಗನ ಸಹಿ ಪಡೆಯಬಹುದಿತ್ತು. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಕೊನೆಯ ಪುಟ ತೋರಿಸಿ ಸಹಿ ಮಾತ್ರ ಕೇಳೋಣ, ಮಗುವಿನ ವಿಷಯ ಎತ್ತುವುದು ಬೇಡ ಎಂದುಕೊಂಡು ಮೆಟ್ಟಿಲು ಹತ್ತಿದೆ.

ಓನರ್ ಆಂಟಿ ಕೂರಿಸಿ ಕಾಫಿ ಕೊಟ್ಟರು. ನಮ್ಮಮ್ಮ ಹಬ್ಬಕ್ಕೆ ಮುಂಚೆ ಇಂಥ ಮನೆಗಳಿಗೆ ಬತ್ತಿ ಮಾರಲು ಬಂದರೆ ಗೇಟಿನ ಹೊರಗೇ ನಿಂತಿರುತ್ತಿದ್ದಳು. ನಾನು ಸೋಫಾದ ಮೇಲೆ ಕೂತಿದ್ದೆ. "ಎಷ್ಟು ಓದಿದೀಯಮ್ಮಾ?" ಎಂದರು. ಹೇಳಿದೆ. "ಅಬ್ಬಾ! ನಮ್ಮ ಮಗಳು ಬಿ.ಕಾಂ.ಗೇ ಸಾಕು ಅಂದ್ಬಿಟ್ಲು ನೋಡು," ಎಂದು ಮೆಚ್ಚಿಕೊಂಡರು. ಆ ಮಾತು ಕಾಫಿಗಿಂತ ರುಚಿಯಾಗಿತ್ತು.

ಫಾರಂ ಕೈಗಿಟ್ಟೆ. ಅವರು ಕೊನೆಯ ಪುಟ ನೋಡಲಿಲ್ಲ, ಮೊದಲ ಪುಟಕ್ಕೆ ತಿರುಗಿಸಿದರು. ದಪ್ಪ ಅಕ್ಷರದಲ್ಲಿ ‘ಅಂಗವಿಕಲ ಮಕ್ಕಳ ಸಮೀಕ್ಷೆ’ ಎಂದಿತ್ತು, ಕೆಳಗೆ ಹುಡುಗಿಯ ಹೆಸರು.

"ಇದೇನು, ನಮ್ಮ ಕೆಳಗಿನ ಮನೆಯವರ ಮಗೂದು? ಅದಕ್ಕೆ ಕಾಲು ಮುರಿದಿರೋದಲ್ವಾ?"

ಹೌದು ಆಂಟಿ ಎಂದಿದ್ದರೆ ಮುಗಿಯುತ್ತಿತ್ತು. ಕಾಲು ಮುರಿದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದಿದ್ದರೂ ಅವರು ನಂಬುತ್ತಿದ್ದರು. ಆದರೆ ತಪ್ಪು ಉತ್ತರ ಕೇಳಿದ ಮೇಷ್ಟರ ಹಾಗೆ ನನ್ನ ಬಾಯಿ ತಾನಾಗೇ ತೆರೆಯಿತು. "ಅಲ್ಲ ಆಂಟಿ, ಅದು ಹುಟ್ಟಿನಿಂದ ಬಂದಿರೋದು," ಎಂದು ಶುರು ಮಾಡಿದೆ. ಮೆದುಳು, ನರ, ಸ್ನಾಯು ಎಲ್ಲ ವಿವರಿಸಿದೆ. ಇದು ಅಂಟುವ ಕಾಯಿಲೆಯಲ್ಲ, ಈ ಮಕ್ಕಳಿಗೂ ಎಲ್ಲರ ಹಾಗೆ ಬದುಕುವ ಹಕ್ಕಿದೆ, ಸಮಾಜ ಬದಲಾಗಬೇಕು ಎಂದೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು. ನಾನು ಒಂದು ಮನಸ್ಸನ್ನು ತಿದ್ದುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಕೆಳಗೆ ಕೊಟ್ಟ ಮಾತು ಆ ಹೊತ್ತಿಗೆ ಮರೆತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಇಷ್ಟು ಚೆನ್ನಾಗಿ ತಿಳಿಸಿ ಹೇಳಿದರೆ ಏನೂ ಆಗುವುದಿಲ್ಲ ಎಂಬ ಧೈರ್ಯವಿತ್ತು.

ಅವರು ಗುಂಡಗೆ ಸಹಿ ಹಾಕಿಕೊಟ್ಟರು.

ಮೂರು ವಾರದ ನಂತರ, ಬರೆದುಕೊಂಡಿದ್ದ ಒಂದೆರಡು ವಿವರ ಮತ್ತೊಮ್ಮೆ ಖಚಿತಪಡಿಸಿಕೊಳ್ಳಲು ಹೋದಾಗ ಗೇಟಿಗೆ ಟು-ಲೆಟ್ ಬೋರ್ಡು ನೇತುಹಾಕಿತ್ತು. ಓನರ್ ಆಂಟಿ ಮೇಲಿಂದಲೇ ಗುರುತು ಹಿಡಿದು ಕರೆದರು.

"ಖಾಲಿ ಮಾಡಿದ್ರು ಕಣಮ್ಮ. ನಾನೇ ಮಾಡಿಸ್ದೆ. ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾ ಹೋಗ್ತಾ ಇರ್ತಾರೆ. ಆ ಮಗು ಕೂಗೋದು, ಜೊಲ್ಲು ಸುರಿಸೋದು ನೋಡಿ, ಇವರ ವಂಶದಲ್ಲೇ ಏನೋ ಇದೆ ಅಂದ್ಕೊಂಡ್ರೆ? ನನಗೆ ಕೋಪ ಬಂದಿದ್ದು ಮಗು ಮೇಲಲ್ಲ, ಸುಳ್ಳು ಹೇಳಿದ್ರಲ್ಲ ಅಂತ. ನೀನು ಹೇಳದೆ ಹೋಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ ನೋಡು. ಒಳ್ಳೇ ಕೆಲಸ ಮಾಡ್ದೆ. ಬಾ, ಕಾಫಿ ಕುಡಿದು ಹೋಗು."

ಬಸ್ಸಿಗೆ ಹೊತ್ತಾಯ್ತು ಎಂದೆ. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗೆ ಕೊಟ್ಟ ಆ ಶಭಾಷ್‌ಗಿರಿಯಲ್ಲಿ ಸುಳ್ಳೇನೂ ಇರಲಿಲ್ಲ.

ಆ ವಾರವೇ ಆಫೀಸಿನ ಮೀಟಿಂಗಿನಲ್ಲಿ ಮೇಲ್ವಿಚಾರಕರು ನನ್ನ ಫಾರಂಗಳ ಕಟ್ಟನ್ನು ಎತ್ತಿ ಹಿಡಿದು, "ನೋಡ್ರಪ್ಪಾ, ಒಂದು ಕಾಲಂ ಖಾಲಿ ಇಲ್ಲ. ಇದು ಕೆಲಸ," ಎಂದರು. ಟೀ ಅಂಗಡಿಯ ಸಹಿಗಾರ ನನ್ನ ಕಡೆ ನೋಡಿ ಕೈ ಮುಗಿದು ನಕ್ಕ. ಅವನ ಎಡಗೈಯ ಸಹಿಯಿಂದ ಯಾವ ಮನೆಯೂ ಖಾಲಿಯಾಗಿರಲಿಲ್ಲ. ಎದ್ದು ನಿಂತು ಆದದ್ದನ್ನು ಹೇಳಬೇಕಿತ್ತು. ಹೇಳಿದ್ದರೆ ಆ ಕಾಲಂ ತೆಗೆದುಹಾಕುತ್ತಿದ್ದರೋ ಏನೋ. ಇನ್ನೂ ಎಷ್ಟೋ ಬೀದಿಗಳ ಸಮೀಕ್ಷೆ ಬಾಕಿಯಿತ್ತು. ನಾನು ತಲೆ ತಗ್ಗಿಸಿ ಕೂತೆ. ನೋಡಿದವರು ವಿನಯ ಅಂದುಕೊಂಡಿರಬೇಕು.

ಹುಡುಗಿಯ ಮನೆಯವರು ನಾಯಂಡಹಳ್ಳಿಗೆ ಹೋದರೆಂದು ಕೇಂದ್ರದ ಆಯಾ ಹೇಳಿದಳು. ಹೋಗಲು ಧೈರ್ಯ ಬರುವುದಕ್ಕೆ ಎರಡು ತಿಂಗಳು ಬೇಕಾಯಿತು. ಒಂದು ಭಾನುವಾರ ಹುಡುಕಿಕೊಂಡು ಹೋದೆ. ಮೈಸೂರು ರಸ್ತೆಯಿಂದ ಒಳಗೆ, ಗ್ಯಾರೇಜು ಗೋಡೌನುಗಳ ನಡುವೆ ಶೀಟು ಹೊದಿಸಿದ ಒಂಟಿ ರೂಮು. ತಾಯಿ ಬಾಗಿಲು ತೆರೆದಳು. "ಬರ್ರಿ," ಎಂದಳು. ಅಕ್ಕಾರ ಎನ್ನಲಿಲ್ಲ.

ತಪ್ಪಾಯ್ತು ಎಂದು ಹೇಳಲೆಂದೇ ಹೋದವಳು ನಾನು. ಬಾಯಿಂದ ಬಂದದ್ದು, "ಅಕ್ಕಪಕ್ಕದವರ ಸಹಿ ತಗೋಬೇಕು ಅಂತ ರೂಲ್ಸ್ ಇತ್ತಮ್ಮ," ಎಂಬ ಮಾತು.

"ಹೌದ್ರಿ. ರೂಲ್ಸ್ ಇರ್ತಾವ್ರಿ," ಎಂದಳು. ಕುಟುಕುವ ದನಿಯಲ್ಲ. ಸುಮ್ಮನೆ ಒಪ್ಪಿಕೊಂಡಂತೆ. "ಇಲ್ಲಿ ಮೊದಲ ಖರೇ ಹೇಳೇ ಬಂದೀವ್ರಿ. ಅದಕ್ಕ ಈ ಮನಿ ಸಿಕ್ಕೈತಿ."

ಮೇಲಿನ ಶೀಟು ಕಾದು ಚಟಚಟ ಎನ್ನುತ್ತಿತ್ತು. ಹುಡುಗಿ ಗೋಡೆಗೆ ಒರಗಿಸಿದ ಅಕ್ಕಿ ಚೀಲದ ಪಕ್ಕ ಒಂದು ಕಡೆಗೆ ವಾಲಿಕೊಂಡಿದ್ದಳು. ಕೇಂದ್ರಕ್ಕೆ ಹೋಗುವುದು ನಿಂತಿತ್ತು. ಎರಡು ಬಸ್ಸು ಬದಲಾಯಿಸಬೇಕು, ಹುಡುಗಿ ಬೆಳೆದಿದ್ದಾಳೆ, ಒಬ್ಬಳೇ ಹೊತ್ತು ಹತ್ತಿಸಲಾಗುವುದಿಲ್ಲ. ಜಾಗ ಉಳಿಸಿಕೊಡಿ ಎಂದು ಅರ್ಜಿ ಬರೆದುಕೊಡುತ್ತೇನೆ ಎಂದೆ.

"ಬ್ಯಾಡ್ರಿ," ಎಂದಳು ತಟ್ಟನೆ. "ನೀವು ಬರಕೊಂಡು ಹೋಗಿದ್ದು ಎಲ್ಲೆಲ್ಲಿ ಹೊಕ್ಕೈತೋ ನಮಗ ತಿಳಿಯಂಗಿಲ್ಲ." ಹುಡುಗಿಯನ್ನು ನೆಟ್ಟಗೆ ಕೂಡಿಸುತ್ತಾ ಅವಳೇ ಕೇಳಿದಳು: "ಒಂದು ಹೇಳ್ರಿ. ಚಮಚ ಹಿಡಸೂ ಮುಂದ ಅಲ್ಲಿ ಮೇಡಮ್ಮಾರು ಮೊಣಕೈ ಹಿಂದ ಎಲ್ಲೋ ಒತ್ತಿ ಹಿಡೀತಿದ್ರು. ನಾ ಹಿಡದ್ರ ಬರವಲ್ದು, ಕೈ ಬಿಗೀತೈತಿ. ಎಲ್ಲಿ ಹಿಡೀಬೇಕ್ರಿ ಅದನ್ನ?"

ಆ ಹುಡುಗಿಯ ಬಗ್ಗೆ ನಾನು ಹನ್ನೆರಡು ಪುಟ ಬರೆದಿದ್ದೆ. ಅವಳಿಗೆ ಏನೇನು ಬೇಕು ಎಂಬುದಕ್ಕೇ ಮೂರು ಪುಟ. ಎಲ್ಲಿ ಹಿಡಿಯಬೇಕೆಂದು ಗೊತ್ತಿರಲಿಲ್ಲ.

"ಕೇಂದ್ರಕ್ಕೆ ಕರ್ಕೊಂಡು ಹೋಗೋಣ, ತೋರಿಸಿಕೊಡ್ತಾರೆ. ಶನಿವಾರ ನಾನೇ ಬರ್ತೀನಿ, ಇಬ್ಬರೂ ಎತ್ಕೊಂಡು ಹೋಗೋಣ," ಎಂದೆ. ಅವಳು ನಂಬಿದಳೋ ಇಲ್ಲವೋ, ಆಗಲಿ ಎಂದಳು.

ಶನಿವಾರ ಹೋದೆ. ಮೊದಲ ಬಸ್ಸಿಗೆ ತಾಯಿ ಹೊತ್ತಳು, ಎರಡನೆಯದಕ್ಕೆ ನಾನು. ಹುಡುಗಿ ನೋಡಿದರೆ ಅನಿಸುವುದಕ್ಕಿಂತ ಭಾರವಿದ್ದಳು. ಮೈ ಸೆಟೆದುಕೊಂಡರೆ ಕೈಯಿಂದ ಜಾರುತ್ತಿದ್ದಳು. ಬಸ್ಸಿನಲ್ಲಿ ಒಬ್ಬರು ಎದ್ದು ಜಾಗ ಕೊಟ್ಟರು. ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಾಯಿ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದಳು. ಹುಡುಗಿ ಖುಷಿಗೆ ಜೋರಾಗಿ ಕೂಗಿದಳು. ನನ್ನ ಚೂಡಿದಾರದ ಭುಜವೆಲ್ಲ ಜೊಲ್ಲಾಯಿತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಮುಂದಿನ ಸೀಟಿನ ಹೆಂಗಸು ಕನಿಕರದಿಂದ ಕೇಳಿದಳು: "ಪಾಪ, ನಿಮ್ಮ ಮಗೂನಾ?"

"ಅಲ್ಲ, ಅಲ್ಲ. ಇವರದು," ಎಂದು ತಾಯಿಯ ಕಡೆಗೆ ಬೆರಳು ತೋರಿಸಿದೆ. ಯೋಚಿಸಿ ಹೇಳಿದ್ದಲ್ಲ. ಆ ಹೆಂಗಸು ಮಾತು ಮುಗಿಸುತ್ತಿದ್ದಂತೆಯೇ ಬಾಯಿಂದ ಬಂದಿತ್ತು.

ಬಸ್ಸಿನ ಕಣ್ಣುಗಳೆಲ್ಲ ನನ್ನಿಂದ ಅವಳಿಗೆ ತಿರುಗಿದವು. ತಾಯಿ ಕಂಬಿ ಬಿಟ್ಟು, ಬಗ್ಗಿ, ಎರಡೂ ಕೈ ಚಾಚಿದಳು.

"ಕೊಡ್ರಿ. ನಾ ಹಿಡ್ಕೋತೀನಿ."

ಕೊಟ್ಟೆ. ಏಳುತ್ತೇನೆ, ಕೂತುಕೊಳ್ಳಿ ಎಂದೆ. ಬ್ಯಾಡ್ರಿ ಎಂದಳು. ಸ್ಟಾಪ್ ಬರುವ ತನಕ ಅವಳು ಮಗಳನ್ನು ಹೊತ್ತು ನಿಂತೇ ಇದ್ದಳು, ನಾನು ಕೂತೇ ಇದ್ದೆ.