ಜೋಳದ ಚೀಲಕ್ಕೆ ಬೆನ್ನು ಹಚ್ಚಿ ತೆಗೆದ ಫೋಟೋ

ಡಾಂಬರು ಗುಳಿಗೆಯ ವಾಸನೆ ಬಂದರೆ ಉಳಿದವರಿಗೆ ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ ನೆನಪಾಗುತ್ತದೆ. ನನಗೆ ನಮ್ಮ ಓಣಿಯ ಡ್ರಾಯಿಂಗ್ ಸರ್ ನೆನಪಾಗಿ ಮೈ ಉರಿಯುತ್ತದೆ. ನಿನ್ನೆ ಇಂಡಿ ಊರಿನಿಂದ ನನ್ನ ಅಂಕಣದ ಒಬ್ಬ ಓದುಗಿ ಮೆಸೇಜು ಹಾಕಿದ್ದರು: “ಹೊಸದಾಗಿ ಕ್ಯಾಮೆರಾ ತಗೊಳ್ಳಾಕತ್ತೇನ್ರಿ ಅಕ್ಕಾರ. ಪ್ರವಾಸಕ್ಕ ಒಂದೇ ಲೆನ್ಸ್ ಒಯ್ಯಬೇಕಂದ್ರ ಯಾವುದು ಒಯ್ಯಲಿ?” ಉತ್ತರ ಬರೆಯುವ ಮೊದಲು ಕಪಾಟಿನ ಮೇಲಿದ್ದ ಸರ್ ಅವರ ಕಪ್ಪು ಬ್ಯಾಗು ಇಳಿಸಿ ಜಿಪ್ ಎಳೆದೆ. ಗುಪ್ಪನೆ ಆ ವಾಸನೆ ಮೂಗಿಗೆ ಬಡಿಯಿತು. ಮನುಷ್ಯ ಹೋಗಿ ಎರಡು ವರ್ಷವಾಯಿತು, ವಾಸನೆಗೆ ಇನ್ನೂ ಜೀವ ಇದೆ…

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯುವವರು ಬರೆಯಲಿ. ಸರ್ ಹತ್ತಿರ ಐದು ಲೆನ್ಸುಗಳಿದ್ದವು, ಸಾವಿರ ಅಭಿಪ್ರಾಯಗಳಿದ್ದವು, ನಾಲ್ಕು ಜನರಿಗೆ ತೋರಿಸುವಂಥ ಒಂದು ಫೋಟೋ ಇರಲಿಲ್ಲ. ನಮ್ಮ ಸಿಂದಗಿಯಲ್ಲಿ ಯಾರ ಮನೆಯ ಮದುವೆಯಾದರೂ ಫೋಟೋಗ್ರಾಫರನ ಪಕ್ಕ ಹೋಗಿ ನಿಂತು, ಅವನ ಲೆನ್ಸ್ ನೋಡಿ ಲೊಚಗುಟ್ಟಿ, ಆಮೇಲೆ ಊಟಕ್ಕೆ ಕೂಡುತ್ತಿದ್ದರು.

ನನಗೆ ಕ್ಯಾಮೆರಾ ಬೇಕಾದದ್ದು ಒಂದೇ ಕಾರಣಕ್ಕೆ. ಮುದ್ದೇಬಿಹಾಳದಲ್ಲಿ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಹಾಸಿಗೆ ಹಿಡಿದಿದ್ದಳು. ಅಕ್ಕ ತಂಗಿ ಇಬ್ಬರೇ ಕೂಡಿದ ಫೋಟೋ ಇಡೀ ಜನ್ಮದಲ್ಲಿ ಒಂದಿರಲಿಲ್ಲ. ಮದುವೆ ಗುಂಪಿನ ಫೋಟೋದಲ್ಲಿ ಒಬ್ಬಳು ಇದ್ದರೆ ಇನ್ನೊಬ್ಬಳು ಅಡುಗೆಮನೆಯಲ್ಲಿ. “ಅಕ್ಕ ಹೋಗೂದರಾಗ ಒಂದ್ ಫೋಟೋ ತಗಿಯವ್ವ, ನಡುಮನ್ಯಾಗ ಹಾಕತೇನಿ,” ಅಂದಿದ್ದಳು ಅವ್ವ. ದಾರಿಯಲ್ಲಿ ಬಸವನ ಬಾಗೇವಾಡಿ ಗುಡಿಯನ್ನೂ ತೋರಿಸೋಣ ಎಂದು ಕ್ರೂಸರ್ ಗಾಡಿ ಗೊತ್ತು ಮಾಡಿದೆ.

ವಿಜಯಪುರದ ಅಂಗಡಿಯವನು ಹದಿನೆಂಟರಿಂದ ನೂರಾ ಮೂವತ್ತೈದರವರೆಗಿನ ಜೂಮ್ ಲೆನ್ಸ್ ಕೈಗಿಟ್ಟ. ಈ ಕಡೆ ತಿರುಗಿಸಿದರೆ ಇಡೀ ಗುಡಿ, ಆ ಕಡೆ ತಿರುಗಿಸಿದರೆ ಗೋಪುರದ ಮೇಲೆ ಕೂತ ಗಿಳಿ. ನನ್ನಂಥ ಹೊಸಬಳಿಗೆ ಇನ್ನೇನು ಬೇಕು? ಆದರೆ ಸಲಹೆ ಕೊಡಲೆಂದೇ ಜೊತೆಗೆ ಬಂದಿದ್ದ ಸರ್, ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ವಾಪಸ್ ಇಟ್ಟರು.

“ಜೂಮ್ ಅಂದ್ರ ಕಿರಾಣಿ ಅಂಗಡಿ ಇದ್ದಂಗ್ರಿ ಅಕ್ಕಾರ. ಎಲ್ಲಾ ಇರ್ತಾವ, ಒಂದೂ ಚಲೋ ಇರಂಗಿಲ್ಲ. ನನ್ನ ಎಂಬತ್ತೈದರ ಲೆನ್ಸ್ ಕೊಡತೇನಿ. ಮಾರಿ ತಗಿಯಾಕ ಅದರ ಮುಂದ ಯಾವುದೂ ಇಲ್ಲ.”

“ಅದು ಹಿಂದ ಮುಂದ ಆಗಂಗಿಲ್ಲಲ್ರೀ ಸರ್?”

“ನಿಮ್ಮ ಕಾಲ ಆಗ್ತಾವಲ್ರೀ!”

ಅಂಗಡಿಯವನು ಕಿಸಕ್ಕನೆ ನಕ್ಕ. ನಾನು ನಾಚಿಕೊಂಡು ಬರೀ ಕ್ಯಾಮೆರಾ ತಗೊಂಡು ಬಂದೆ.

ಹೊರಡುವ ದಿನ ನೋಡಿದರೆ, ಕರೆಯದಿದ್ದರೂ ಸರ್ ಬ್ಯಾಗು ಸಮೇತ ಡ್ರೈವರ್ ಪಕ್ಕ ಕೂತಿದ್ದರು. ಬಾಗೇವಾಡಿ ಗುಡಿಯಲ್ಲಿ ಒಂದು ಕಂಬಕ್ಕೆ ಮೂರು ಲೆನ್ಸ್ ಬದಲಾಯಿಸಿದರು. ಅವ್ವ ದರ್ಶನ ಮುಗಿಸಿ ಚಹಾ ಕುಡಿದಳು, ಇನ್ನೊಂದು ಚಹಾ ಕುಡಿದಳು. ಕಂಬ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಹೋಗುವವಳು ದೊಡ್ಡವ್ವ.

ಮುದ್ದೇಬಿಹಾಳ ಮುಟ್ಟಿದಾಗ ಮಧ್ಯಾಹ್ನ. ದೊಡ್ಡವ್ವ ಮುಂಜಾನೆಯಿಂದಲೇ ಇಲಕಲ್ ಸೀರೆ ಉಟ್ಟು, ಸೊಸೆಯ ಆಸರೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದಳಂತೆ. ಅವ್ವ ಪಕ್ಕಕ್ಕೆ ಹೋಗಿ ಕೂತಳು. ನಾನು ಸರ್ ಕೊಟ್ಟ ಎಂಬತ್ತೈದು ಹಾಕಿದ ಕ್ಯಾಮೆರಾ ಕಣ್ಣಿಗೆ ಹಚ್ಚಿದೆ. ಅವ್ವನ ಮುಖ ಮಾತ್ರ ಕಂಡಿತು. ಹಿಂದೆ ಸರಿದೆ, ಮುಖ ಮತ್ತು ಹೆಗಲು. ಇನ್ನೂ ಸರಿದೆ, ಒಟ್ಟಿದ ಜೋಳದ ಚೀಲಗಳಿಗೆ ಬೆನ್ನು ಬಡಿಯಿತು. ಅಲ್ಲಿಂದಲೇ ಒಂದು ಸಲ ಒತ್ತಿದೆ.

“ಇಬ್ರೂ ಕೂಡಿ ಬರವಲ್ರು ಸರ್.”

“ಸರೀರಿ ಹಿಂದಕ್ಕ.”

“ಎಲ್ಲಿ ಸರೀಲ್ರಿ? ಚೀಲದಾಗ ಹೋಗಿ ಕುಂದ್ರಲೇನು?”

ಮೊಬೈಲ್ ತೆಗೆದೆ. ಸರ್ ಕೈ ಅಡ್ಡ ಹಿಡಿದರು. “ಛೇ, ಇಂಥಾ ಫೋಟೋ ಮೊಬೈಲ್‌ನ್ಯಾಗ ತಗೀತಾರೇನ್ರಿ? ಗಾಡ್ಯಾಗ ಅಗಲ ಹಿಡಿಯೋ ಲೆನ್ಸ್ ಐತಿ, ತರತೇನಿ ತಡೀರಿ.”

ನಾನು ಮೊಬೈಲ್ ಪರ್ಸಿಗೆ ಹಾಕಿಕೊಂಡೆ. ಹೇಳಿದ ಅವರು ಎಂಥ ದಡ್ಡರೋ, ಕೇಳಿದ ನಾನು ಅದಕ್ಕಿಂತ ದಡ್ಡಿ.

ಅವರು ಲೆನ್ಸ್ ತಂದರು. ಊದಿದರು, ಬಟ್ಟೆಯಿಂದ ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಊದಿದರು. “ಸಾಕವ್ವ, ಕುಂದ್ರಾಕ ಆಗವಲ್ದು,” ಅಂದಳು ದೊಡ್ಡವ್ವ. ಸೊಸೆ ಒಳಗೆ ಕರೆದೊಯ್ದು ಮಲಗಿಸಿದಳು. ಮಲಗಿದವಳ ಫೋಟೋ ಬೇಡ ಎಂದು ಅವ್ವನೇ ಅಂದಳು. ಹನ್ನೊಂದನೇ ದಿನಕ್ಕೆ ಫೋನು ಬಂತು…

ನಾನು ಸರ್ ಜೊತೆ ಮಾತು ಬಿಟ್ಟೆ. ಎಂಬತ್ತೈದನ್ನು ಅವರ ಕಟ್ಟೆಯ ಮೇಲಿಟ್ಟು ಬಂದು, ಮರುವಾರವೇ ಆ ಜೂಮ್ ತಂದೆ. ಅದರಲ್ಲಿ ತೆಗೆದ ಮೊದಲ ಫೋಟೋ ಅವರದ್ದೇ. ಎದುರು ಮಾಳಿಗೆಯ ಮೇಲೆ ಲೆನ್ಸುಗಳನ್ನು ಸಂಡಿಗೆಯ ಹಾಗೆ ಬಿಸಿಲಿಗೆ ಹರವಿ, ಒಂದರ ಮೇಲೆ ಗಲ್ಲ ಉಬ್ಬಿಸಿ ಊದುತ್ತಿದ್ದರು. ಜೂಮನ್ನು ಪೂರ್ತಿ ಎಳೆದು ಒತ್ತಿದೆ. ಓಣಿಯ ಗ್ರೂಪಿಗೆ ಹಾಕಿ ನಗಿಸಬೇಕೆಂದಿದ್ದೆ. ಹಾಕಲಿಲ್ಲ. ಒಳ್ಳೆತನದಿಂದಲ್ಲ, ಅವತ್ತು ನೆಟ್ ಇರಲಿಲ್ಲ.

ಸರ್ ತೀರಿಕೊಂಡಾಗ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಸರ್ ಕಂಪ್ಯೂಟರ್ ತುಂಬ ಇಟ್ಟಿಗೆ ಗೋಡೆ, ಕ್ಯಾಲೆಂಡರ್, ಮತ್ತೆ ಇಟ್ಟಿಗೆ ಗೋಡೆ. ಲೆನ್ಸ್ ಪರೀಕ್ಷೆ ಮಾಡಿದ್ದೇ ಮಾಡಿದ್ದು. ಹೆಂಡತಿಯದೂ ಒಂದಿಲ್ಲ. ಮುಜುಗರಪಡುತ್ತಲೇ ಆ ಊದುವ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಇದೇ ಇರ್ಲಿ ಬಿಡ್ರಿ. ನಲವತ್ತು ವರ್ಷದಾಗ ನನ್ನ ಮಾರಿ ಇಷ್ಟ್ ಹತ್ರದಿಂದ ಎಂದೂ ನೋಡಿಲ್ಲ ಇವ್ರು.”

ಮರುದಿನ ಬ್ಯಾಗು ತಂದು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಅದರ ವಾಸನೆ ಬೇಡ ಅಂದರು.

ನಿನ್ನೆ ಐದೂ ಲೆನ್ಸುಗಳನ್ನು ಬೆಳಕಿಗೆ ಹಿಡಿದೆ. ಇಷ್ಟು ಗುಳಿಗೆ ಸುರಿದೂ ಐದರೊಳಗೂ ಬೂಷ್ಟು. ಇಂಡಿಯ ಓದುಗಿಗೆ ಬರೆದೆ: ಆ ಹದಿನೆಂಟು–ನೂರಾ ಮೂವತ್ತೈದು ತಗೊಳ್ಳಿ. ಹೌದು, ಕಿರಾಣಿ ಅಂಗಡಿಯೇ. ಮಂದ ಬೆಳಕಿನಲ್ಲಿ ಸ್ವಲ್ಪ ಸೋಲುತ್ತದೆ, ಸೋಲಲಿ. ಸಣ್ಣ ಪಡಸಾಲೆಯಲ್ಲೂ ಇಬ್ಬರು ಮುದುಕಿಯರು ಒಂದೇ ಫೋಟೋದಲ್ಲಿ ಹಿಡಿಸುತ್ತಾರೆ.

ನಡುಮನೆಯಲ್ಲಿ ಅವ್ವ ಹಾಕಿಸಿಕೊಂಡಿರುವುದು ಚೀಲಕ್ಕೆ ಬೆನ್ನು ಹಚ್ಚಿ ಒತ್ತಿದ ಆ ಒಂದೇ ಫೋಟೋ. ಅವ್ವನ ಮುಖವಿದೆ. ಅವಳ ಗಲ್ಲದ ಮೇಲೆ, ಚೌಕಟ್ಟಿನ ಅಂಚಿನಿಂದ ಬಂದ ಒಂದು ಕೈ ಇದೆ. ಮನೆಗೆ ಬಂದವರಿಗೆಲ್ಲ ಅವ್ವ “ನಮ್ಮಕ್ಕನ ಕೈ” ಎಂದು ತೋರಿಸುತ್ತಾಳೆ. ಈಚೆಗೆ ಅದರ ಮುಂದೆ ನಿಂತು ನನ್ನನ್ನು ಕೇಳುತ್ತಾಳೆ: “ಆವಾಗ ಅಕ್ಕ ನಗಾಕತ್ತಿದ್ಲೋ, ಅಳಾಕತ್ತಿದ್ಲೋ? ನೀ ಎದುರಿಗೇ ಇದ್ದೆಲ್ಲ?”

ಎದುರಿಗೇ ಇದ್ದೆ… ಆದರೆ ನನ್ನ ಕಣ್ಣು ಆ ಎಂಬತ್ತೈದರೊಳಗಿತ್ತು. ನಾನು ನೋಡಲೇ ಇಲ್ಲ.