ಗಾಡಿಯದೇ ತಪ್ಪು

ಗಡಿಗೆ ತುಂಬಿದ ಗಾಡಿಯಲ್ಲಿ ಕುಳಿತವರು ಮಾತು ಕಡಿಮೆ ಆಡುತ್ತಾರೆ. ಮಾತಾಡಿದರೆ ಹಿಂದಿನ ಸದ್ದು ಕೇಳುವುದಿಲ್ಲ. ನಾನು ಮತ್ತು ನನ್ನ ಗಂಡ ಖಾನಾಪುರದ ಕುಂಬಾರರಿಂದ ಗಡಿಗೆ, ಹರವಿ, ಹೂವಿನ ಕುಂಡಗಳನ್ನು ನಮ್ಮ ಹಳೆಯ ಪಿಕಪ್ ಗಾಡಿಗೆ ತುಂಬಿಕೊಂಡು ಬಂದು ಬೆಳಗಾವಿಯ ಖಾಸಬಾಗದಲ್ಲಿ ಮಾರುತ್ತಿದ್ದೆವು. ನಡುನಡುವೆ ಭತ್ತದ ಹುಲ್ಲು ತುರುಕಿರುತ್ತಿದ್ದೆವು. ಅಷ್ಟಿದ್ದರೂ ಗಾಡಿ ಜಗ್ಗಿದರೆ ಗಡಿಗೆಗಳು ಒಂದಕ್ಕೊಂದು ತಾಗಿ ಟಣ್ ಎನ್ನುತ್ತವೆ. ಬರೀ ತಾಗಿದ್ದೋ ಸೀಳಿದ್ದೋ ಎನ್ನುವುದು ಆ ಸದ್ದಿನಲ್ಲೇ ನನಗೆ ತಿಳಿಯುತ್ತದೆ. ನನ್ನ ಗಂಡ ಓಡಿಸುವಾಗ ಆ ಸದ್ದೇ ಬರುತ್ತಿರಲಿಲ್ಲ. ಕ್ಲಚ್ಚಿನ ಮೇಲಿಂದ ಅವರು ಎಡಗಾಲು ತೆಗೆಯುತ್ತಿದ್ದುದು, ಮಲಗಿದ ಕೂಸಿನ ತಲೆಯ ಕೆಳಗಿಂದ ಕೈ ತೆಗೆದಷ್ಟು ನಿಧಾನ. ಅದೇ ಮನುಷ್ಯ ಮನೆಯಲ್ಲಿ ಚಹಾದ ಕಪ್ಪನ್ನು ದಡ್ ಎಂದು ಕುಕ್ಕುತ್ತಿದ್ದರು. "ಗಡಿಗೀಗೆ ಇರೋ ಮರ್ಯಾದಿ ನನ್ನ ಕಪ್ಪಿಗಿಲ್ಲ ನೋಡ್ರಿ" ಎಂದು ನಾನು ರೇಗಿಸುತ್ತಿದ್ದೆ.

ಅಂಥ ಗಾಡಿ ಒಂದು ಬೇಸಿಗೆಯ ವ್ಯಾಪಾರ ಶುರುವಾಗುವ ಹೊತ್ತಿಗೆ ಜಗ್ಗತೊಡಗಿತು. ಮೊದಲ ಸಲ ಆದದ್ದು ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ. ಗೇಟು ತೆರೆಯಿತು, ಇವರು ಗೇರ್ ಹಾಕಿದರು, ಗಾಡಿ ಒಮ್ಮೆ ಮುಂದಕ್ಕೆ ಹಾರಿ ಬಂದ್ ಬಿತ್ತು. ಹಿಂದೆ ಎರಡು ಗಡಿಗೆ ಸೀಳಿದವು. ಅದರ ಹಿಂದೆ ಇಡೀ ಬೆಳಗಾವಿಯೇ ನಿಂತು ಹಾರ್ನ್ ಹೊಡೆದಂತಾಯಿತು. "ಡೀಸಲ್‌ದಾಗ ನೀರು ಸೇರೈತಿ" ಎಂದರು ಇವರು, ಬೆವರು ಒರೆಸಿಕೊಳ್ಳುತ್ತ. ನಾನೂ ನಂಬಿದೆ. ಗಾಡಿಗೂ ವಯಸ್ಸಾಗಿತ್ತು.

ನಮ್ಮ ಮೆಕ್ಯಾನಿಕ್‌ನ ಗ್ಯಾರೇಜು ಪೀರನವಾಡಿಯಲ್ಲಿ, ಖಾನಾಪುರದಿಂದ ಬರುವ ದಾರಿಯಲ್ಲೇ ಇದೆ. ಆತನ ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ, ಬೋಲ್ಟು ಬಿಚ್ಚಲು ಬಾರದಿದ್ದರೆ ಎರಡೂ ಸೇರಿಸಿ ಬೈಗುಳ. ಆತ ಡೀಸೆಲ್ ಫಿಲ್ಟರ್ ಬಿಚ್ಚಿದಾಗ ನಿಜಕ್ಕೂ ಒಳಗೆ ಕೆಸರಿತ್ತು. ಹೊಸದು ಹಾಕಿದ. ನಾಲ್ಕು ದಿನ ಬಿಟ್ಟು ಗಾಡಿ ಮತ್ತೆ ಹಾರಿತು. ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಪಂಪು ಒತ್ತಿ ಒತ್ತಿ ಗಾಳಿ ಬಿಡಿಸಿದ. ಆಮೇಲೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ತೊಳೆಸಿದ. ಎಂಜಿನ್ ಕೂರುವ ರಬ್ಬರು ಸವೆದಿತ್ತು, ಬದಲಾಯಿಸಿದ. ಕೊನೆಗೆ ಗೇರ್ ಪೆಟ್ಟಿಗೆ ಇಳಿಸಿ ಕ್ಲಚ್ ಪ್ಲೇಟನ್ನೇ ಹೊಸದು ಹಾಕಿದ. ಪ್ರತಿ ಸಲವೂ ಏನಾದರೊಂದು ಸಿಗುತ್ತಿತ್ತು, ಅದೇ ನಮ್ಮ ಗ್ರಹಚಾರ. ಹಳೆಯ ಗಾಡಿಯನ್ನು ಎಲ್ಲಿ ಬಿಚ್ಚಿದರೂ ಒಂದು ದೋಷ ಇದ್ದೇ ಇರುತ್ತದೆ. ಸಿಕ್ಕಾಗಲೆಲ್ಲ ನಮ್ಮವರ ಮುಖ ಅರಳುತ್ತಿತ್ತು. "ನಾ ಹೇಳಿದ್ನಿಲ್ಲ?" ಎಂದು ನನ್ನ ಕಡೆ ತಿರುಗುತ್ತಿದ್ದರು.

ಅದೇ ದಿನಗಳಲ್ಲಿ ಅವರ ಎಡಗಾಲಿನ ಚಪ್ಪಲಿ ಕಳಚಿ ಬೀಳತೊಡಗಿತ್ತು. ಮನೆಯ ಮೆಟ್ಟಿಲಿನ ಮೇಲೆ, ಸಂತೆಯ ನಡುವೆ, ಎಲ್ಲೆಂದರಲ್ಲಿ ಹಿಂದೆ ಉಳಿಯುತ್ತಿತ್ತು. ಇವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. "ಚಪ್ಪಲಿ ಸಡ್ಲ ಆಗ್ಯಾವು" ಎಂದು ಹೊಸ ಜೋಡು ತಂದರು. ಅದೂ ಬಿತ್ತು. ಹಿಮ್ಮಡಿಗೆ ದಾರ ಕಟ್ಟಿಕೊಂಡರು. "ಸಣ್ಣ ಹುಡುಗರಂಗ ದಾರ ಕಟ್ಟಿಕೊಂಡು ಅಡ್ಡಾಡ್ತೀರಲ್ರೀ" ಎಂದು ನಾನು ನಕ್ಕೆ. ಅವರೂ ನಕ್ಕರು. ಆದರೆ ರಾತ್ರಿ ಮಲಗಿದಾಗ ಆ ದಾರ ನನ್ನ ಕಣ್ಣಮುಂದೆ ಬರುತ್ತಿತ್ತು. ಯಾಕೆಂದು ಕೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೆದರಿದಾಗ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನೆಲ್ಲ ಒಂದು ದಿನ ಮೆಕ್ಯಾನಿಕ್ ಮೇಲೆ ಸುರಿದೆ.

"ರಿಪೇರಿ ಮಾಡಾಕ ಬರಂಗಿಲ್ಲಂದ್ರ ಬರಂಗಿಲ್ಲಂತ ಹೇಳ್ರಿ. ಬ್ಯಾರೆ ಕಡೆ ತೋರಸ್ತೀವಿ."

ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ ಆತ ಕೈಗೆ ಅಂಟಿದ ಎಣ್ಣೆಯನ್ನು ಚಿಂದಿಯಲ್ಲಿ ಒರೆಸುತ್ತ ಹೇಳಿದ: "ವೈನಿ, ನೋಡೂದೆಲ್ಲಾ ನೋಡೇನ್ರಿ. ಖರೇ ಹೇಳ್ಬೇಕಂದ್ರ, ನಾ ಹೊಡದಾಗ ಗಾಡಿ ಸುಮ್ಮನ ಓಡತೈತ್ರಿ."

"ಹಂಗಾರ ನಾವು ಸುಳ್ಳು ಹೇಳಾಕತ್ತೀವೇನು?"

ನನ್ನ ಗಂಡ ನಡುವೆ ಬಂದರು. "ಖಾಲಿ ಗಾಡಿ ಯಾರ್ ಹೊಡದ್ರೂ ಓಡತೈತಿ ತಮ್ಮಾ. ಮಾಲು ತುಂಬಿಕೊಂಡು ಹೊಡದು ನೋಡು. ಆವಾಗ ಗೊತ್ತಾಗತೈತಿ."

ಹಾಗೆ ಒಂದು ಬೆಳಿಗ್ಗೆ ಮೆಕ್ಯಾನಿಕ್ ಕೂಡ ನಮ್ಮ ಜೊತೆ ಖಾನಾಪುರಕ್ಕೆ ಬಂದ. ಕುಂಬಾರರ ಅಂಗಳದಲ್ಲಿ ಗಡಿಗೆ ತುಂಬಿದೆವು. ಮೆಕ್ಯಾನಿಕ್ ಮತ್ತು ನನ್ನ ಗಂಡ ಚಹಾ ಕುಡಿಯಲು ಆಚೆ ಹೋದಾಗ ನಾನು ಗಾಡಿ ಹತ್ತಿ, ಎಡಮೂಲೆಯ ಗಡಿಗೆಗಳ ನಡುವಿನ ಹುಲ್ಲನ್ನು ಹಿಡಿಹಿಡಿಯಾಗಿ ಕಿತ್ತು ಹೊರಗೆಸೆದೆ. ನನ್ನ ಜೀವನದಲ್ಲಿ ಗಡಿಗೆ ಒಡೆಯಲಿ ಎಂದು ನಾನು ಬಯಸಿದ್ದು ಅದೊಂದೇ ದಿನ. ಒಂದು ಸಣ್ಣ ಜಗ್ಗು ಸಾಕಿತ್ತು. ಟಣ್ ಎಂದರೆ ಸಾಕು, ಗಾಡಿಯದೇ ತಪ್ಪು ಎಂದು ಊರಿಗೆಲ್ಲ ಕೂಗಿ ಹೇಳುತ್ತಿದ್ದೆ.

ಮೂವರೂ ಮುಂದೆಯೇ ಕುಳಿತೆವು. ಸ್ಟೀರಿಂಗ್ ಹಿಡಿದು ಮೆಕ್ಯಾನಿಕ್, ನಡುವೆ ನನ್ನ ಗಂಡ, ಕಿಟಕಿಯ ಕಡೆ ನಾನು. ಅಷ್ಟು ವರ್ಷ ಅದೇ ಗಾಡಿಯಲ್ಲಿ ತಿರುಗಿದರೂ ಇವರಿಗೆ ಒತ್ತಿಕೊಂಡು ಕುಳಿತದ್ದು ಅದೇ ಮೊದಲು. ಇವರ ಎಡತೊಡೆ ನನ್ನ ತೊಡೆಗೆ ತಾಗಿತ್ತು. ಅದರೊಳಗೆ ಏನೋ ಸಣ್ಣಗೆ ಮಿಡುಕುತ್ತಿತ್ತು. ಎಂಜಿನ್ನಿನ ನಡುಕ ಎಂದುಕೊಂಡೆ. ಗಾಡಿ ಏರು ಹತ್ತಿತು, ಇಳಿಯಿತು, ರಸ್ತೆ ಉಬ್ಬುಗಳ ಮುಂದೆ ನಿಂತು ಹೊರಟಿತು. ಹಿಂದೆ ಒಂದೂ ಸದ್ದಿಲ್ಲ. ನನ್ನ ಗಂಡ ಕತ್ತು ಸ್ವಲ್ಪ ವಾಲಿಸಿ ಕಿವಿಗೊಟ್ಟು ಕುಳಿತಿದ್ದರು. ಪೀರನವಾಡಿ ದಾಟಿತು. ಟಿಳಕವಾಡಿಯ ಗೇಟಿಗೆ ಬಂದಾಗ ಗೇಟು ಹಾಕಿತ್ತು. ಮೆಕ್ಯಾನಿಕ್ ಎಂಜಿನ್ ಬಂದ್ ಮಾಡಿದ.

ಎಂಜಿನ್ ನಿಂತಿತು, ತೊಡೆಯ ಮಿಡುಕು ನಿಲ್ಲಲಿಲ್ಲ.

ನಾನು ಕೆಳಗೆ ನೋಡಿದೆ. ಪ್ಯಾಂಟಿನ ಬಟ್ಟೆಯ ಒಳಗೆ ಮಾಂಸ ತಾನಾಗಿಯೇ ಪಟಪಟ ಹಾರುತ್ತಿತ್ತು. ಅವರೂ ಅದನ್ನೇ ನೋಡುತ್ತಿದ್ದರು. ಮುಚ್ಚುವಂತೆ ಅದರ ಮೇಲೆ ಅಂಗೈ ಇಟ್ಟರು. ಅವರ ಕೈಯ ಮೇಲೆ ನಾನು ನನ್ನ ಕೈ ಇಟ್ಟೆ. ರೈಲು ಹೋಯಿತು. ಗೇಟು ತೆರೆಯಿತು. ಮೆಕ್ಯಾನಿಕ್ ಗೇರ್ ಹಾಕಿ ಕ್ಲಚ್ ಬಿಟ್ಟ. ಗಾಡಿ ಮೆಲ್ಲಗೆ ಹಳಿ ದಾಟಿತು. ಗಡಿಗೆಗಳು ಸದ್ದು ಮಾಡಲಿಲ್ಲ. ಆ ದಿನದ ಮೌನದಷ್ಟು ಕೆಟ್ಟದ್ದನ್ನು ನಾನು ಈವರೆಗೆ ಕೇಳಿಲ್ಲ.

ಖಾಸಬಾಗದಲ್ಲಿ ಗಾಡಿ ನಿಲ್ಲಿಸಿ ಮೆಕ್ಯಾನಿಕ್ ಬಹಳ ಹೊತ್ತು ಬಾನೆಟ್ ನೋಡುತ್ತ ನಿಂತ. "ದಾದಾ, ಎಂಜಿನ್ ಒಮ್ಮಿ ಪೂರಾ ಬಿಚ್ಚಿ ನೋಡ್ಲೇನ್ರಿ?" ಎಂದ. ಬಿಚ್ಚುವುದು ಬೇಕಿಲ್ಲ ಎಂದು ಅವನಿಗೂ ಗೊತ್ತಿತ್ತು. ಅದು ಅವನ ಒಳ್ಳೆಯತನ.

"ಬ್ಯಾಡ ತಮ್ಮಾ" ಎಂದರು ನನ್ನ ಗಂಡ. "ಗಾಡಿ ಬರೋಬ್ಬರಿ ಐತಿ."

ಅವನು ಹೋದಮೇಲೆ ಇಬ್ಬರೂ ಗಡಿಗೆ ಇಳಿಸತೊಡಗಿದೆವು. ಎಡಮೂಲೆಗೆ ಬಂದಾಗ ನಾನು ತಲೆ ತಗ್ಗಿಸಿದೆ. ಹುಲ್ಲಿಲ್ಲದ ಜಾಗ ನೋಡಿ ಅವರು ಕೇಳಿದರು, "ನೀ ತಗದಿ, ಹೌದಿಲ್ಲೋ?" ನಾನು ಹೂಂ ಎಂದೆ. ಆಗ ಅವರು ಬಲಮೂಲೆ ತೋರಿಸಿದರು. ಅಲ್ಲೂ ಹುಲ್ಲಿರಲಿಲ್ಲ. "ಈ ಬಾಜು ನಾ ತಗದಿದ್ದೆ" ಎಂದರು. ಆಮೇಲೆ ಇಬ್ಬರೂ ಗಾಡಿಯ ಅಂಚಿನಲ್ಲಿ ಕುಳಿತುಬಿಟ್ಟೆವು. ಗಿರಾಕಿಯೊಬ್ಬರು ಬಂದು ಹರವಿಯ ದರ ಕೇಳಿದರು.

ಡಾಕ್ಟರರು ಕಾಲು ತಟ್ಟಿ, ಸೂಜಿ ಚುಚ್ಚಿ, ಯಂತ್ರ ಹಚ್ಚಿ ನೋಡಿದರು. ಮಾಂಸಖಂಡಗಳನ್ನು ನಡೆಸುವ ನರಗಳು ಸಾಯುತ್ತಿವೆ, ಇದು ಕಾಲಿಗೆ ನಿಲ್ಲುವುದಿಲ್ಲ, ಕೈಗೆ, ನಾಲಿಗೆಗೆ, ಉಸಿರಿಗೆ ಹಬ್ಬುತ್ತದೆ, ಗುಣಪಡಿಸುವ ಔಷಧ ಇಲ್ಲ ಎಂದರು. ನನ್ನ ಗಂಡ ಎಲ್ಲ ಕೇಳಿಸಿಕೊಂಡು, "ಯಾವದರ ಒಂದು ಪಾರ್ಟ್ ಬದಲಿ ಮಾಡಾಕ ಬರಂಗಿಲ್ಲೇನ್ರಿ?" ಎಂದು ಕೇಳಿ ತಾವೇ ನಕ್ಕರು. ಡಾಕ್ಟರರು ನಗಲಿಲ್ಲ. ನನಗೆ ಆ ನಗೆಯ ಮೇಲೆ ವಿಪರೀತ ಸಿಟ್ಟು ಬಂತು. ಮನೆಗೆ ಬಂದು ಜಗಳವನ್ನೂ ಮಾಡಿದೆ.

ಗಾಡಿ ಮಾರೋಣ ಎಂದೆ. ಅವರು ಒಪ್ಪಲಿಲ್ಲ. "ಸ್ಟೀರಿಂಗ್ ಹಿಡಿ, ನಾ ಕಲಸ್ತೀನಿ" ಎಂದರು. ಹಾಗೆ ನಡುವಯಸ್ಸು ದಾಟಿದ ಮೇಲೆ ನಾನು ಗಾಡಿ ಕಲಿತೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅವರ ಜಾಗದಲ್ಲಿ ಕೂರುತ್ತಿದ್ದೆ, ಅವರು ನನ್ನ ಜಾಗದಲ್ಲಿ. ಮೊದಮೊದಲು ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಹಿಂದೆ ಗಡಿಗೆಗಳು ಟಣಟಣ ಎನ್ನುತ್ತಿದ್ದವು, ಸೀಳುತ್ತಿದ್ದವು, ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಆಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು.

"ಗಾಡೀದ ತಪ್ಪದು. ನಿಂದಲ್ಲ."

"ಸುಳ್ಳು ಹೇಳಬ್ಯಾಡ್ರಿ."

"ಖರೇನ ಹೇಳಾಕತ್ತೇನಿ. ಹಳೀ ಗಾಡಿ ಐತಿ. ನಿನ್ನ ಕಾಲು ಚಲೋ ಐತಿ."

ಮರುವರ್ಷ ಅವರ ಮಾತು ತೊದಲತೊಡಗಿತು. ಆದರೂ ಖಾನಾಪುರಕ್ಕೆ ಬರುವುದನ್ನು ಬಿಡಲಿಲ್ಲ. ಅಕ್ಕಪಕ್ಕದವರು ಎತ್ತಿ ಕೂರಿಸುತ್ತಿದ್ದರು, ಎದೆಗೆ ನನ್ನ ಹಳೆಯ ಶಾಲು ಸುತ್ತಿ ಸೀಟಿಗೆ ಕಟ್ಟುತ್ತಿದ್ದೆ. ಗಾಡಿ ಜಗ್ಗಿದಾಗ ಮಾತಾಡಲು ಆಗದೆ ಬೆರಳಿನಿಂದ ಬಾಗಿಲು ತಟ್ಟುತ್ತಿದ್ದರು. ಗಾಡಿಯದೇ ತಪ್ಪು ಎಂದರ್ಥ. ಆಮೇಲೆ ಬೆರಳೂ ಏಳದಾಯಿತು. ಕಣ್ಣನ್ನು ಬಾಗಿಲ ಕಡೆ ಹೊರಳಿಸುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಚೆನ್ನಾಗಿ ಓಡಿಸುತ್ತಿದ್ದೆ. ಅವರ ಕಣ್ಣು ಹೊರಳಲಿ ಎಂದು ಒಮ್ಮೊಮ್ಮೆ ಬೇಕೆಂದೇ ಕ್ಲಚ್ ಬೇಗ ಬಿಡುತ್ತಿದ್ದೆ.

ಮಳೆಗಾಲದ ಕೊನೆಯಲ್ಲಿ ಅವರು ಹೋದರು. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುವುದು. ಹಣೆಗೆ ವಿಭೂತಿ ಬಳಿದು ಕೂರಿಸಿದ್ದನ್ನು ನೋಡಿದಾಗ ನನಗೆ ಗಾಡಿಯಲ್ಲಿ ಶಾಲು ಕಟ್ಟಿ ಕೂರಿಸಿದಂತೆಯೇ ಕಂಡಿತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಅಲ್ಲಿ ಆಗಲಿಲ್ಲ.

ಈಗ ಒಬ್ಬಳೇ ಹೋಗಿ ಬರುತ್ತೇನೆ. ಈ ವರ್ಷ ಹಲಸಿಯ ಒಂದು ಮದುವೆ ಮನೆಗೆ ಐರಣಿ ಗಡಿಗೆಗಳನ್ನು ಮುಟ್ಟಿಸಬೇಕಿತ್ತು. ಬಣ್ಣ ಬಳಿದು ದೇವರ ಮುಂದೆ ಇಡುವ ಮದುವೆಯ ಗಡಿಗೆಗಳು ಅವು, ಒಡೆದರೆ ಅಪಶಕುನ ಎನ್ನುತ್ತಾರೆ. ಖಾನಾಪುರ ಬಿಟ್ಟು ಹಲಸಿಯ ದಾರಿ ಹಿಡಿದಿದ್ದೆ. ಒಂದು ಏರಿನಲ್ಲಿ ಗಾಡಿ ಜಗ್ಗಿತು. ಹಿಂದೆ ಟಣ್ ಎಂದಿತು. ಸೀಳಿದ ಸದ್ದಲ್ಲ, ತಾಗಿದ್ದು. ಮತ್ತೊಮ್ಮೆ ಜಗ್ಗಿ ಬಂದ್ ಬಿತ್ತು.

ನಾನು ಬಾನೆಟ್ ತೆಗೆಯಲಿಲ್ಲ. ಡೀಸೆಲ್ ನೋಡಲಿಲ್ಲ. ಕೆಳಗಿಳಿದು ಎಡಗಾಲಿನ ಚಪ್ಪಲಿ ಬಿಟ್ಟು ಬೆರಳು ಆಡಿಸಿದೆ. ತೊಡೆಯನ್ನು ಒತ್ತಿ ನೋಡಿದೆ. ಗಾಡಿಯನ್ನು ಹಿಡಿಯದೆ ರಸ್ತೆಯ ಬದಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತೆ. ಬೈಕಿನಲ್ಲಿ ಹೋಗುತ್ತಿದ್ದವರು ಈ ಹೆಂಗಸಿಗೆ ಏನಾಗಿದೆ ಎಂದು ತಿರುಗಿ ನೋಡಿದರು. ಕಾಲು ನೆಟ್ಟಗೆ ನಿಂತಿತು.

ಹೇಗೋ ಐರಣಿ ಮುಟ್ಟಿಸಿ, ನಿಂತು ನಿಂತು ಪೀರನವಾಡಿ ಸೇರಿದೆ. ಮೆಕ್ಯಾನಿಕ್ ಮೊದಲು ತಾನೇ ಗಾಡಿ ಹತ್ತಿ ಒಂದು ಸುತ್ತು ಹೊಡೆದು ಬಂದ. ಅವನ ಕೈಯಲ್ಲೂ ಅದು ಜಗ್ಗಿತು. ನಾನು ರಸ್ತೆಯಲ್ಲಿ ನಿಂತು ಅದನ್ನು ನೋಡಿದೆ. ಬಾನೆಟ್ ಎತ್ತಿ, ಡೀಸೆಲ್ ಬರುವ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದ. ಬಗ್ಗಿಸಿದಲ್ಲಿ ಕೂದಲಿನಷ್ಟು ಸಣ್ಣ ಬಿರುಕಿತ್ತು.

"ಇಲ್ಲಿಂದ ಗಾಳಿ ಎಳಕೊಳ್ಳಾಕತ್ತಿತ್ರಿ ವೈನಿ" ಎಂದ. ನನ್ನ ಕಡೆ ತಿರುಗಿ, "ಈ ಸಲ ಗಾಡೀದ ತಪ್ಪು ಐತ್ರಿ" ಎಂದ.

ನಾನು ಅಲ್ಲೇ ಟೈರಿನ ಮೇಲೆ ಕುಳಿತು ಜೋರಾಗಿ ಅತ್ತೆ. ಈ ಮಾತು ಕೇಳಲೆಂದು ನನ್ನ ಗಂಡ ಅದೇ ಗ್ಯಾರೇಜಿಗೆ ಎಷ್ಟು ಸಲ ಬಂದಿದ್ದರು. ಅವರಿಗೆ ಬೇಕಾಗಿದ್ದಾಗ ಸಿಗದ ಅದು ಈಗ ನನಗೆ ಸಿಕ್ಕಿತು. ಮೆಕ್ಯಾನಿಕ್ ನೀರು ತಂದುಕೊಟ್ಟ. ಆಮೇಲೆ ಹೊಸ ಪೈಪು ಕತ್ತರಿಸಿ ಹಾಕಿದ. ಒಂದು ಗೇಣು ಉದ್ದವಿತ್ತು. ಗಾಡಿ ಸರಿಹೋಯಿತು.